ಶಹನಾಯಿ ಊದುವ ಕಾರು

ನಾಶಿಕದ ಆ ಅಪಾರ್ಟ್‌ಮೆಂಟಿನಲ್ಲಿ ರಘೋತ್ತಮನಿಗೆ ಎಲ್ಲವೂ ಇತ್ತು, ಬೆಳಗಿನ ನಿದ್ದೆಯೊಂದನ್ನು ಬಿಟ್ಟು. ಅದನ್ನು ಕದ್ದವನು ಕೆಳಗಿನ ಮನೆಯ ಭುಜಂಗ. ಬಿಜಾಪುರದಿಂದ ವರ್ಗವಾಗಿ ಬಂದ ಈ ಬ್ಯಾಂಕ್ ಮ್ಯಾನೇಜರನಿಗೆ ಒಂದು ಬಿಳಿ ಕಾರಿತ್ತು. ರಿವರ್ಸ್ ಹಾಕಿದರೆ ಅದು ಶಹನಾಯಿ ಊದುತ್ತಿತ್ತು. ನಡುವೆ ಬಿಕ್ಕಳಿಸಿ, ಮತ್ತೆ ಮೊದಲಿನಿಂದ ಶುರುಮಾಡುತ್ತಿತ್ತು. ದಿನಾ ಬೆಳಿಗ್ಗೆ ಆರಕ್ಕೆ ಈ ಮದುವೆ.

ನಿಜ ಹೇಳಬೇಕೆಂದರೆ ರಘೋತ್ತಮನನ್ನು ಚುಚ್ಚುತ್ತಿದ್ದದ್ದು ಶಹನಾಯಿಯಲ್ಲ, ಕಾರು. ತಾನು ಓಝರಿನ ವಿಮಾನ ಕಾರ್ಖಾನೆಯ ಇನ್‌ಸ್ಪೆಕ್ಟರು. ಒಂದು ರಿವೆಟ್ ಸಡಿಲವಿದ್ದರೆ ವಿಮಾನವನ್ನೇ ನಿಲ್ಲಿಸುವ ಮನುಷ್ಯ. ಅಂಥ ತಾನು ಸ್ಕೂಟರಿನಲ್ಲಿ, ಭುಜಂಗ ಕಾರಿನಲ್ಲಿ! ನೆನೆದಾಗಲೆಲ್ಲ ಹೊಟ್ಟೆಯೊಳಗೆ ಯಾರೋ ಹಸಿಮೆಣಸಿನಕಾಯಿ ಕುಟ್ಟಿದಂತಾಗುತ್ತಿತ್ತು. ಕೊನೆಗೆ ಸೊಸೈಟಿಯ ಸೆಕ್ರೆಟರಿ ಸುಧಾಕರರಾವ್ ಅವರ ಬೆನ್ನು ಹತ್ತಿ ಒಂದು ನಿಯಮವನ್ನೇ ಮಾಡಿಸಿದ: ಹಾಡುವ ಗಾಡಿಗಳಿಗೆ ಗೇಟಿನೊಳಗೆ ಪ್ರವೇಶವಿಲ್ಲ. ಗೇಟಿಗೆ ಬೋರ್ಡು ಬಡಿದವನೂ ತಾನೇ.

ಆಮೇಲೆ ಭುಜಂಗನ ಕಾರು ಕಾಣಲಿಲ್ಲ.

"ಭಾವಗ ಕೊಟ್ಬಿಟ್ಟೀನ್ರಿ. ದಸರಾಕ್ಕ ಹೊಸಾದು ತರ್ತೀನಿ," ಎಂದು ಅವನು ನಗುತ್ತಲೇ ಹೇಳಿದ.

ಹೊಸದು! ರಘೋತ್ತಮನ ಗೆಲುವಿಗೆ ಅಲ್ಲೇ ನೀರು ಬಿತ್ತು. ಏನಾದರಾಗಲಿ, ದಸರೆಗೆ ಭುಜಂಗನಿಗಿಂತ ಮೊದಲು ತನ್ನ ಕಾರು ಗೇಟಿನೊಳಗೆ ಬರಬೇಕು. ಹಳೆ ಗಾಡಿಗಳನ್ನು ಹರಾಜು ಹಾಕುವ ವೆಬ್‌ಸೈಟೊಂದರಲ್ಲಿ ಔರಂಗಾಬಾದಿನ ನೀಲಿ ಕಾರು ಕಣ್ಣಿಗೆ ಬಿತ್ತು. ಭುಜಂಗನ ಕಾರಿನದೇ ಕಂಪನಿ, ಅದೇ ಆಕಾರ; ಅದಕ್ಕೇ ಮನಸ್ಸು ಅಲ್ಲಿ ಅಂಟಿಕೊಂಡಿತು. ಇವನು ಬೆಲೆ ಏರಿಸಿದರೆ ಹೆಸರು ತೋರಿಸದ ಇನ್ನೊಬ್ಬನೂ ಏರಿಸುತ್ತಿದ್ದ. 'ಇಂವ ಭುಜಂಗನ ಇರಬೇಕು' ಎಂದುಕೊಂಡದ್ದೇ ತಡ, ರಘೋತ್ತಮ ಹಟಕ್ಕೆ ಬಿದ್ದು ಕೂಗಿ ಕೂಗಿ ಗೆದ್ದ. ರಿವೆಟ್ಟನ್ನು ಭೂತಗನ್ನಡಿಯಲ್ಲಿ ನೋಡುವವನು ಕಾರನ್ನು ಫೋಟೋದಲ್ಲಿ ನೋಡಿ ಕೊಂಡ. ಹೊಟ್ಟೆಕಿಚ್ಚಿಗೆ ಕಣ್ಣೆಲ್ಲಿಂದ ಬರಬೇಕು?

ದಸರೆಯ ದಿನ ನಸುಕಿನಲ್ಲೇ ಎದ್ದು, "ಯೇವಲಾಕ್ಕ ಹೋಗಿ ಸಂಜಿಕ್ಕ ಬರ್ತೀನಿ," ಎಂದು ಹೆಂಡತಿಗೆ ಸುಳ್ಳು ಹೇಳಿ ಹೊರಟ. ಕಾರು ಎಲ್ಲರ ಕಣ್ಣಿಗೂ ಒಮ್ಮೆಲೇ ಬೀಳಲಿ ಎಂಬ ಆಸೆ. ಯೇವಲಾ ಎಂದರೆ ಪೈಠಣಿ ಸೀರೆ ಎಂದುಕೊಂಡ ರಾಧಾಬಾಯಿ, ಗಂಡ ಬಸ್ಸು ಹತ್ತುವ ಮೊದಲೇ ಎಲ್ಲ ಮನೆಗಳಿಗೂ ಸುದ್ದಿ ಮುಟ್ಟಿಸಿದಳು.

ಔರಂಗಾಬಾದಿನಲ್ಲಿ ಮಾರಿದವನು ಕಾರನ್ನು ರಸ್ತೆಗೆ ಮುಖಮಾಡಿ ನಿಲ್ಲಿಸಿಕೊಂಡೇ ಕಾದಿದ್ದ. ಕೈಗೆ ಕೀಲಿ, ಬಾಯಿಗೆ ಪೇಢೆ ಕೊಟ್ಟು ಬೀಳ್ಕೊಟ್ಟ. ವೈಜಾಪುರದ ಹತ್ತಿರ ಕಾರು ನಾಲ್ಕು ಸಲ ಕೆಮ್ಮಿ ನಿಂತಿತು. ಗ್ಯಾರೇಜಿನವನು ಕುಂಕುಮ ಹಚ್ಚಿ ಹೂವೇರಿಸಿದ ಸ್ಪ್ಯಾನರುಗಳತ್ತ ಕೈ ತೋರಿಸಿ, "ಆಜ್ ನಾಹೀ ಸಾಹೇಬ್, ಪೂಜೇಲಾ ಬಸಲೇತ್," ಎಂದ. ಪೂಜೆಗೆ ಕೂತ ದೇವರನ್ನು ಎಬ್ಬಿಸುವವರುಂಟೇ? ಕೊನೆಗೆ ಈರುಳ್ಳಿ ಟ್ರ್ಯಾಕ್ಟರೊಂದು ಹಗ್ಗ ಕಟ್ಟಿ ಎಳೆದ ಮೇಲೆ ಎಂಜಿನ್ನಿಗೆ ಜೀವ ಬಂತು. ಯೇವಲಾದ ಸೀರೆ ಅಂಗಡಿಗಳ ಮುಂದೆ ಹಾದುಹೋಗುವಾಗ ಅವನ ಜೇಬಿನಲ್ಲಿ ಒಂದು ಕರವಸ್ತ್ರ ಕೊಳ್ಳುವಷ್ಟೂ ಉಳಿದಿರಲಿಲ್ಲ.

ಸಂಜೆ ಗೇಟಿನೊಳಗೆ ಬಂದಾಗ ಭುಜಂಗನ ಜಾಗ ಇನ್ನೂ ಖಾಲಿ! ರಘೋತ್ತಮನ ಎದೆ ಉಬ್ಬಿತು. ಪೈಠಣಿ ನೋಡಲು ನೆರೆದಿದ್ದ ಹೆಂಗಸರು ಕಾರು ನೋಡಿ ಬಾಯಿ ತೆರೆದರು.

"ರೀ, ಸೀರಿ ಎಲ್ಲಿ?" ಎಂದಳು ರಾಧಾಬಾಯಿ.

"ಸೀರಿ ಏನ್ ಮಾಡ್ತಿ? ಕಾರ್ ನೋಡು, ಕಾರು!"

ಅವಳೂ ಮರುಗಳಿಗೆಯಲ್ಲಿ ಸೀರೆ ಮರೆತು, ಸೆರಗು ಹೊದ್ದು, ಆರತಿ ತಟ್ಟೆ ತಂದಳು. ಸುಧಾಕರರಾವ್ ಮುಂದಾಗಿ ಕೈ ಬೀಸುತ್ತ, "ಮಾಗೇ ಘ್ಯಾ, ಮಾಗೇ!" ಎಂದು ಹಿಂದಕ್ಕೆ ಬರಲು ಜಾಗ ತೋರಿಸಿದರು. ರಘೋತ್ತಮ ಗತ್ತಿನಿಂದ ರಿವರ್ಸ್ ಹಾಕಿದ.

ಕಾರು ಶಹನಾಯಿ ಊದಿತು. ನಡುವೆ ಬಿಕ್ಕಳಿಸಿತು. ಮತ್ತೆ ಮೊದಲಿನಿಂದ ಶುರುಮಾಡಿತು.

"ಅರೇ! ಹೇ ತರ ತೇಚ್ ಗಾಣ!" ಅದೇ ಹಾಡೆಂದು ಸುಧಾಕರರಾವ್ ಬೆಚ್ಚಿಬಿದ್ದರು.

ಸದ್ದು ಕೇಳಿ ಭುಜಂಗ ಓಡಿ ಬಂದ. "ಅಯ್ಯ, ನಮ್ಮ ಗಾಡಿ! ಔರಂಗಾಬಾದಿನ ಭಾವ ನೀಲಿ ಬಣ್ಣ ಹೊಡಿಸಿ, ಮಹಾರಾಷ್ಟ್ರದ ನಂಬರ್ ಹಾಕಿಸಿ ಮಾರ್ಯಾನ್ರಿ. ತಾನ ಬ್ಯಾರೆ ಹೆಸರಿಲೆ ರೇಟ್ ಏರಿಸ್ಕೋತ ಹೋದ್ರ, ಯಾವನೋ ಹುಚ್ಚ ಬೆನ್ನ ಬಿಡಲೇ ಇಲ್ಲಂತ! ಆ ರೊಕ್ಕದ ಮ್ಯಾಲೆ ನಮ್ಮ ಹೊಸಾ ಗಾಡಿ..." ಎನ್ನುತ್ತ ರಘೋತ್ತಮನ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. "ನೀವ ಅಂತ ಗೊತ್ತಿರಲಿಲ್ರೀ ಸರ."

ಅಷ್ಟರಲ್ಲಿ ಗೇಟಿನಲ್ಲಿ ಹಾರನ್ ಕೇಳಿತು. ಶೋರೂಮಿನವರು ಭುಜಂಗನ ಹೊಸ ಕಾರು ತಂದಿದ್ದರು. ಹೆಂಗಸರೆಲ್ಲ ಅತ್ತ ತಿರುಗಿದರು. ರಾಧಾಬಾಯಿಯ ಕೈಯಲ್ಲಿದ್ದ ಆರತಿಯನ್ನೂ ಯಾರೋ ಇಸಿದುಕೊಂಡು ಹೋದರು.

ಸುಧಾಕರರಾವ್ ಗೇಟಿನ ಬೋರ್ಡಿನತ್ತ ಬೆರಳು ತೋರಿಸಿದರು. ತಾನೇ ಬಡಿದ ಬೋರ್ಡಿನ ಮುಂದೆ ಹಾದು ರಘೋತ್ತಮ ಕಾರನ್ನು ಹೊರಗೆ ಒಯ್ದು, ಕಸದ ತೊಟ್ಟಿಯ ಪಕ್ಕದಲ್ಲಿ ನಿಲ್ಲಿಸಿ ಬಂದ.

ಮೆಟ್ಟಿಲ ಮೇಲೆ ಕೂತಿದ್ದ ರಾಧಾಬಾಯಿ ತಲೆ ಎತ್ತಲಿಲ್ಲ. "ಪೈಠಣಿ ತಂದಿದ್ರ," ಎಂದಳು, "ಗೇಟಿನ ಒಳಗರ ಬರ್ತಿತ್ತು."