ಹೆದ್ದಾರಿ ದಾಟಿಸುವ ಸೂಪರಿಂಟೆಂಡೆಂಟರು

ಜನರಲ್ ಮ್ಯಾನೇಜರುಗಳನ್ನು ಕೈ ಕೈ ಹಿಡಿಸಿ ರಸ್ತೆ ದಾಟಿಸುವ ಮಹಾನುಭಾವರು ಇಡೀ ಕೋಲಾರ ಜಿಲ್ಲೆಗೆ ಒಬ್ಬರೇ ಇದ್ದಾರೆ. ನನ್ನ ಪುಣ್ಯ, ಅವರು ನನ್ನ ಪಕ್ಕದ ಮೇಜಿನಲ್ಲೇ ಕೂರುತ್ತಾರೆ.

ನಮ್ಮದು ವಿಶ್ವವಿದ್ಯಾಲಯದಲ್ಲಿ ಕಂಪನಿ ಅಧಿಕಾರಿಗಳಿಗೆ ಮೂರು ದಿನದ ತರಬೇತಿ ನಡೆಸುವ ಕಚೇರಿ. ಪಾಠ ಮೇಷ್ಟ್ರುಗಳದು. ಬ್ಯಾಡ್ಜು, ಪ್ರೊಜೆಕ್ಟರು, ಸರ್ಟಿಫಿಕೇಟು, ಸಕ್ಕರೆ ಹಾಕದ ಕಾಫಿ, ಕಳೆದುಹೋದ ಚಾರ್ಜರು ನಮ್ಮಿಬ್ಬರ ಪಾಲು. ಎಂ.ಕಾಂ. ಮಾಡಿ ಚಾರ್ಜರು ಹುಡುಕಿ ಹುಡುಕಿ ನನಗಂತೂ ಸಾಕಾಗಿದೆ.

ನಮ್ಮ ಸೂಪರಿಂಟೆಂಡೆಂಟರಿಗೆ ದಣಿವೆಂಬುದಿಲ್ಲ. ಬೆಳಿಗ್ಗೆ ಹಾಜರಿ ಕೂಗುತ್ತಾರೆ. ಒಮ್ಮೆ ಕಾರ್ಖಾನೆಯೊಂದರ ದೊಡ್ಡ ಅಧಿಕಾರಿ ಕೂತಲ್ಲೇ ಕೈ ಎತ್ತಿದರು.

"ಬಾಯಲ್ಲಿ ಹೇಳ್ಬೇಕು ಸಾರ್."

"ಎದುರಿಗೇ ಕೂತಿದ್ದೀನಲ್ರೀ."

"ಕೂತಿರೋದು ಕಾಣ್ತದೆ. ಬಂದಿದ್ದೀರಾ ಅಂತ ಕೇಳಿದ್ದು."

ಆತ ಎದ್ದು ನಿಂತು "ಪ್ರೆಸೆಂಟ್" ಅಂದರು.

ಶ್ರೀನಿವಾಸಪುರದ ಮಾವಿನ ಮಂಡಿ ತೋರಿಸಲು ಬಸ್ಸು ಹೊರಡುವ ದಿನ ಇವರಿಗೆ ಹಬ್ಬ. ಊಟ ಮುಳಬಾಗಿಲು ಹೆದ್ದಾರಿಯ ಹೋಟೆಲಿನಲ್ಲಿ. ಬಸ್ಸು ನಿಲ್ಲುವುದು ಈಚೆ, ಹೋಟೆಲು ಆಚೆ. ಮೂವತ್ತು ಅಧಿಕಾರಿಗಳನ್ನು ಸಾಲಾಗಿ ನಿಲ್ಲಿಸಿ, ಕೈ ಕೈ ಹಿಡಿಸಿ, ತಾವು ನಟ್ಟನಡುವೆ ಸೇರಿಕೊಂಡು "ಪದಂಡಿ, ಪದಂಡಿ" ಎಂದು ತೆಲುಗಿನಲ್ಲಿ ನಡೆಸುತ್ತಾರೆ. ಬೇಡವೆನ್ನುವ ಧೈರ್ಯ ಯಾರಿಗಿದೆ?

ಕಳೆದ ತಂಡದವರೊಬ್ಬರು ಅಭಿಪ್ರಾಯದ ಫಾರಂನಲ್ಲಿ ಬರೆದರು: "ಊಟ ಚೆನ್ನಾಗಿತ್ತು. ನಾವು ಎಲ್‌ಕೆಜಿ ಮಕ್ಕಳಲ್ಲ." ನಿರ್ದೇಶಕರು ನನ್ನನ್ನು ಕರೆದರು. ಈ ತಂಡ ಮುಗಿದ ಮೇಲೆ ಸೂಪರಿಂಟೆಂಡೆಂಟರನ್ನು ಬಸ್ಸಿಗೆ ಕಳಿಸಕೂಡದು, ಟಿಪ್ಪಣಿ ಬರೆಯಿರಿ ಎಂದರು. ಬರೆದೆ. ಒಳ್ಳೆಯ ಟಿಪ್ಪಣಿಯನ್ನೇ ಬರೆದೆ. ಈ ತಂಡದ ಪ್ರವಾಸವೇ ಇವರ ಕೊನೆಯದೆಂದು ಬಸ್ಸಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಆ ಮಧ್ಯಾಹ್ನ ಸಾಲು ಇನ್ನೂ ಕಟ್ಟುತ್ತಿತ್ತು. ಈರುಳ್ಳಿ ತಿನ್ನದವರು ಎಷ್ಟು ಜನ ಎಂದು ಹೋಟೆಲಿನವರು ಫೋನಿನಲ್ಲಿ ಕೇಳಿದರು. "ನಾಲ್ಕು" ಎನ್ನುತ್ತಾ ಒಬ್ಬಳೇ ರಸ್ತೆಗಿಳಿದೆ. ಬಲಕ್ಕೆ ನೋಡಿದೆ, ಖಾಲಿ. ಟೊಮೆಟೊ ತುಂಬಿದ ಟೆಂಪೊ ಬಂದದ್ದು ಎಡದಿಂದ, ರಾಂಗ್ ಸೈಡಿನಲ್ಲಿ. ಹಾರ್ನ್ ಕೇಳಿತು, ಕಾಲು ಏಳಲಿಲ್ಲ. ಯಾರೋ ತೋಳು ಹಿಡಿದು ಎಳೆದರು. ಟೆಂಪೊದ ಗಾಳಿ ಕೆನ್ನೆಗೆ ಬಡಿಯಿತು. ಈಗಲೂ ಸುಮ್ಮನೆ ಫೈಲು ತೆರೆಯುವಾಗ ಆ ಗಾಳಿ ಬಡಿಯುತ್ತದೆ.

ನೋಡಿದರೆ ಇಬ್ಬರೂ ಡಿವೈಡರ್ ಮೇಲೆ ಕೂತಿದ್ದೇವೆ. ಸೂಪರಿಂಟೆಂಡೆಂಟರ ಮೊಣಕೈ ತರಚಿ ರಕ್ತ ಬರುತ್ತಿದೆ.

"ನಿಮ್ಮನ್ನ ಇನ್ಮೇಲೆ ಬಸ್ಸಿಗೆ ಕಳಿಸ್ಬಾರ್ದು ಅಂತ ಟಿಪ್ಪಣಿ ಬರ್ದಿದ್ದೀನಿ ಸಾರ್," ಅಂದೆ. ಆಗಲೇ ಏಕೆ ಹೇಳಿದೆನೋ.

"ಸರ್ಯಾಗೇ ಬರ್ದಿದ್ದೀಯ ಬಿಡಮ್ಮ. ನಂಗೆ ರಸ್ತೆ ಅಂದ್ರೆ ಭಯ. ಒಬ್ನೇ ದಾಟಕ್ಕಾಗಲ್ಲ. ಎದುರಿಗಿರೋ ಡೈರಿಗೆ ಹೋಗಕ್ಕೂ ನಮ್ಮನೆಯವ್ಳು ಜೊತೆಗೆ ಬರ್ಬೇಕು. ಅದಕ್ಕೇ ಎಲ್ಲಾರ ಕೈ ಹಿಡಿಸ್ತಿದ್ದಿದ್ದು."

ಬಸ್ಸಿನ ಪಕ್ಕ ಅಧಿಕಾರಿಗಳೆಲ್ಲ ಕೈ ಹಿಡಿದುಕೊಂಡು ಹಾಗೇ ನಿಂತಿದ್ದರು.

"ಈಗ ಒಬ್ರೇ ಬಂದ್ರಲ್ಲ ಸಾರ್."

ಅವರು ಬಸ್ಸಿನಿಂದ ನಮ್ಮವರೆಗಿನ ರಸ್ತೆಯನ್ನು ನಿಧಾನವಾಗಿ ನೋಡಿದರು.

"ಹೌದಲ್ಲಮ್ಮ," ಅಂದರು. ಆಮೇಲೆ ಹೋಟೆಲಿನ ಕಡೆ ತಿರುಗಿ, ನನ್ನತ್ತ ಕೈ ಚಾಚಿದರು.