ಬಿಸಿಯಾಗಬಾರದ ಪೆಟ್ಟಿಗೆಗಳು

ನಮ್ಮ ಕಡೆ ಏನೇ ಕೆಟ್ಟರೂ ಮಳೆಯ ತಲೆಗೆ ಕಟ್ಟುವುದು ರೂಢಿ. ಬಿಸಿಲಿಗೂ ಯಂತ್ರ ಕೆಡುತ್ತದೆ ಎಂದರೆ ಯಾರೂ ನಂಬುವುದಿಲ್ಲ. ನಂಬಿಸುವುದೇ ನನ್ನ ಹೊಟ್ಟೆಪಾಡು, ಹಾಗಾಗಿ ಮುಂದೆ ಹೇಳುವಂಥವು ನನಗೆ ಆಗುತ್ತಲೇ ಇರುತ್ತವೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ನೀರಿನ ಟ್ಯಾಂಕುಗಳ ಪಕ್ಕ ಕಂಬಕ್ಕೆ ಕಟ್ಟಿದ ತಗಡಿನ ಪೆಟ್ಟಿಗೆಗಳಿವೆ. ಒಳಗೊಂದು ಪುಟ್ಟ ಕಂಪ್ಯೂಟರ್. ಟ್ಯಾಂಕ್ ಖಾಲಿಯಾದರೆ ಅದೇ ಪಂಪ್ ಹಾಕುತ್ತದೆ, ತುಂಬಿದರೆ ನಿಲ್ಲಿಸುತ್ತದೆ. ಪೆಟ್ಟಿಗೆ ಕಾದರೆ ಮಾತ್ರ ಕಂಪ್ಯೂಟರ್ ತಾನೇ ನಿಂತುಬಿಡುತ್ತದೆ, ಊರಿಗೆ ನೀರಿಲ್ಲ. ಅವು ಬಿಸಿಯಾಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಈ ಮಾರ್ಚಿನಲ್ಲಿ ನಮ್ಮ ಸಾಹೇಬರು ಹೇಳಿಬಿಟ್ಟರು: "ಇನ್ನೊಂದು ಪೆಟ್ಟಿಗೆ ಬಿಸಿಯಾಗಿ ನಿಂತ್ರೆ ನಿನ್ನನ್ನ ರಾಯಚೂರಿಗೆ ಹಾಕ್ತೀನಿ. ಬಿಸಿ ಅಂದ್ರೇನು ಅಂತ ಅಲ್ಲಿ ಕಲಿ."

ನನ್ನ ಹೆಂಡತಿ ಅವತ್ತೇ ಕಂಬಳಿಗಳನ್ನೆಲ್ಲ ತವರಿಗೆ ಕಳಿಸಿದಳು.

ಮುಂಜಾಗ್ರತೆ

ಆನಂದಪುರದ ಹತ್ತಿರದ ಪೆಟ್ಟಿಗೆಗೆ ಅಲ್ಲಿ ನೀರು ಬಿಡುವವನು ಪ್ಲಾಸ್ಟಿಕ್ ಹೊದಿಸಿ, ಸೈಕಲ್ ಟ್ಯೂಬಿನಲ್ಲಿ ಬಿಗಿದಿದ್ದ. ಗಾಳಿ ಕಿಂಡಿಗಳೆಲ್ಲ ಮುಚ್ಚಿಹೋಗಿದ್ದವು. ಪುಣ್ಯಕ್ಕೆ ಇನ್ನೂ ನಿಂತಿರಲಿಲ್ಲ.

"ಮಳೆಗೆ ಇನ್ನೂ ಎರಡು ತಿಂಗಳಿದೆಯಲ್ಲಯ್ಯ!"

"ಬಂದ್ಮೇಲೆ ಕಟ್ಟಕ್ಕಾಗತ್ತಾ ಸಾರ್?"

ಒಳಗೆ ಗಾಳಿ ಆಡಬೇಕು ಎಂದು ತಿಳಿಸಿ ಹೇಳಿ, ಪ್ಲಾಸ್ಟಿಕ್ ಬಿಚ್ಚಿಸಿ ಬಂದೆ. ಮುಂದಿನ ವಾರ ಹೋದರೆ ಮತ್ತೆ ಹೊದಿಸಿದ್ದಾನೆ. ಈ ಸಲ ನನ್ನ ಮಾತಿಗೆ ಬೆಲೆ ಕೊಟ್ಟು ಅದಕ್ಕೆ ತೂತು ಮಾಡಿದ್ದ. ತೂತಿನಲ್ಲಿ ನೀರು ಇಳಿಯಬಾರದೆಂದು ಅದರ ಮೇಲೆ ಇನ್ನೊಂದು ಪ್ಲಾಸ್ಟಿಕ್ ಹಾಕಿದ್ದ.

ಎರಡು ಮಾಡು

ನಿಟ್ಟೂರಿನ ಪೆಟ್ಟಿಗೆಗೆ ಮಧ್ಯಾಹ್ನದ ಬಿಸಿಲು ನೆತ್ತಿಗೇ ಹೊಡೆಯುತ್ತಿತ್ತು. ಅದರ ಮೇಲೆ ಗೇಣು ಎತ್ತರದಲ್ಲಿ ಇನ್ನೊಂದು ತಗಡು ಕೂರಿಸಿದೆ. ಮೇಲಿನದು ಬಿಸಿಲು ತಿನ್ನಲಿ, ನಡುವೆ ಗಾಳಿ ಓಡಾಡಲಿ ಎಂಬ ಲೆಕ್ಕ. ಎರಡು ದಿನ ಬಿಟ್ಟು ನೋಡಿದರೆ ಆ ಸಂದಿಯ ತುಂಬ ಹಲಸಿನ ಹಪ್ಪಳ. ಪಕ್ಕದ ಮನೆಯ ಅತ್ತೆಮ್ಮ ಅದನ್ನು ಮಗುಚಿ ಹಾಕುತ್ತಿದ್ದರು.

"ಇಲ್ಲಿ ಕಾಗೆ ಬತ್ತಿಲ್ಲೆ ತಮಾ. ಮೇಲಿಂದ್ಲೂ ಬಿಸಿ, ಕೆಳಗಿಂದ್ಲೂ ಬಿಸಿ. ಎಂತಾ ಚೊಲೋ ಮಾಡಿಕೊಟ್ಯ!"

ಇದು ಹೀಗೇ ಆದರೆ ನನ್ನನ್ನು ರಾಯಚೂರಿಗೆ ಹಾಕುತ್ತಾರೆ ಎಂದು ಗೋಳು ತೋಡಿಕೊಂಡೆ. ಅವರಿಗೆ ನಿಜವಾಗಿ ಮರುಕವಾಯಿತು. ಹಪ್ಪಳವನ್ನೆಲ್ಲ ಬಳಿದು ತೆಗೆದು, ಒಂದು ಕಟ್ಟು ನನಗೇ ಕೊಟ್ಟರು. ಹೊರಟಾಗ ಕೂಗಿ ಕೇಳಿದರು:

"ತಮಾ, ರಾಯಚೂರಲ್ಲಿ ಹಪ್ಪಳ ಒಂದೇ ದಿನಕ್ಕೆ ಒಣಗ್ತಡ, ಹೌದಾ?"

ತಪಾಸಣೆ

ಮೇ ತಿಂಗಳಲ್ಲಿ ಸಾಹೇಬರೇ ತೀರ್ಥಹಳ್ಳಿಗೆ ಬಂದರು. ಅಲ್ಲಿನ ಪೆಟ್ಟಿಗೆಗೆ ನಾನು ಬಿಳಿ ಬಣ್ಣ ಹೊಡೆಸಿದ್ದೆ, ಕೆಳಗೆ ಮೇಲೆ ಕಿಂಡಿ ತೆಗೆಸಿ ಜಾಲರಿ ಹಾಕಿಸಿದ್ದೆ. "ನಿನ್ನ ಮಾತು ಬೇಡ, ಅಳೆದೇ ನೋಡೋಣ" ಎಂದು ಅವರು ಜೀಪಿನ ಬಾನೆಟ್ ಮೇಲಿಟ್ಟಿದ್ದ ಹೊಸ ತಾಪಮಾಪಕ ಎತ್ತಿಕೊಂಡರು. ಬಿಸಿಲಿಗೆ ಕಾದು ಅದರ ಪರದೆಯೇ ಕಪ್ಪಾಗಿ ನಿಂತಿತ್ತು. ಸಾಹೇಬರ ಮುಖವೂ ಕಪ್ಪಾಯಿತು.

"ಬಾಗಿಲು ತೆಗಿ. ಕೈಯಿಟ್ಟೇ ನೋಡ್ತೀನಿ."

ತೆಗೆದರೆ ಕಂಪ್ಯೂಟರಿನ ಪಕ್ಕ ಬಾಳೆಲೆಯಲ್ಲಿ ಸುತ್ತಿದ ಒಂದು ಕಟ್ಟು. ಸಾಹೇಬರು ಬಿಚ್ಚಿದರು. ವೀಳ್ಯದೆಲೆ!

"ಯಾರದ್ದು ಇದು?"

ಟ್ಯಾಂಕ್ ನೋಡಿಕೊಳ್ಳುವ ಅಜ್ಜ ಮುಂದೆ ಬಂದ. "ನಂದೇ ಸಾರ್. ಮುಂಚೆ ಇದ್ರೊಳಗೆ ಇಟ್ರೆ ಮಧ್ಯಾಹ್ನಕ್ಕೇ ಬಾಡ್ತಿತ್ತು. ಇವ್ರು ಬಣ್ಣ ಹೊಡ್ಸಿದ್ಮೇಲೆ ಸಂಜೆ ತನಕ ಹಿಂಗೇ ಇರತ್ತೆ ನೋಡಿ."

ಸಾಹೇಬರು ಒಂದೆಲೆ ತೆಗೆದು ಮುರಿದರು. ಟಕ್ಕೆಂದಿತು. ಹೊತ್ತು ನೋಡಿದರು, ಮೂರೂವರೆ. ನನ್ನನ್ನು ನೋಡಿದರು.

"ಸರಿ, ನೀನು ಇಲ್ಲೇ ಇರು" ಎಂದರು. ಆಮೇಲೆ ಇನ್ನೊಂದೆಲೆ ತೆಗೆದು, ತೊಡೆಗೆ ಒರೆಸಿ, ತೊಟ್ಟು ಮುರಿದು, ಅಜ್ಜನ ಕಡೆ ತಿರುಗಿ ಮೆಲ್ಲಗೆ ಕೇಳಿದರು:

"ಸುಣ್ಣ?"

ಅಜ್ಜ ಪಕ್ಕದ ಬ್ಯಾಟರಿ ಪೆಟ್ಟಿಗೆಯ ಬಾಗಿಲು ತೆಗೆದ.