ರೇಡಿಯೋಕ್ಕೆ ಬಿಂಬುಳಿ ಹಾಕಿ ತೊಳೆದದ್ದು

ಪುಂಜಾಲಕಟ್ಟೆಯ ಕೂಡುರಸ್ತೆಯಲ್ಲಿ ನಾನು ಬಸ್ ಏಜೆಂಟನಾಗಿದ್ದ ಕಾಲದಲ್ಲಿ, ನನ್ನಿಂದ ರಿಪೇರಿಯಾಗದ ವಸ್ತು ಈ ಭೂಮಂಡಲದಲ್ಲೇ ಇರಲಿಲ್ಲ. ಇದು ನನ್ನ ಅಭಿಪ್ರಾಯ. ಬೇರೆಯವರ ಅಭಿಪ್ರಾಯವನ್ನು ನಾನು ಕೇಳಿರಲಿಲ್ಲ. ಬಂಟ್ವಾಳದ ಬಸ್ಸು ಬಂದ ಹೊತ್ತು, ಬೆಳ್ತಂಗಡಿಯ ಬಸ್ಸು ಹೊರಟ ಹೊತ್ತು ಪುಸ್ತಕದಲ್ಲಿ ಬರೆದು, ನಾಲ್ಕು ಟಿಕೆಟ್ ಹರಿದು ಕೊಟ್ಟರೆ ನನ್ನ ಉದ್ಯೋಗ ಮುಗಿಯಿತು. ಉಳಿದ ಹೊತ್ತಿನಲ್ಲಿ ಊರವರ ಕೊಡೆ, ಟಾರ್ಚು, ಸ್ಟವ್ ಎಲ್ಲವೂ ನನ್ನ ಕೈಗೆ ಬರುತ್ತಿದ್ದವು. ಅವುಗಳಲ್ಲಿ ಕೆಲವು ವಾಪಸ್ಸೂ ಹೋಗುತ್ತಿದ್ದವು.

ಕರೆಂಟು ಇನ್ನೂ ಬಾರದ ಊರು ಅದು. ಆದರೆ ನಮ್ಮ ಮನೆಯಲ್ಲಿ ಟ್ರಾನ್ಸಿಸ್ಟರ್ ರೇಡಿಯೋ ಇತ್ತು. ನನ್ನ ಹೆಂಡತಿ ವಾರಿಜಳ ಅಣ್ಣ ಬೊಂಬಾಯಿಯ ಹೋಟೆಲಿನಲ್ಲಿ ದುಡಿಯುತ್ತಿದ್ದ. ಅದು ಅವನು ಒಮ್ಮೆ ಊರಿಗೆ ಬಂದಾಗ ತಂದುಕೊಟ್ಟದ್ದು. ಸಂಜೆ ಅದನ್ನು ಜಗಲಿಯಲ್ಲಿಟ್ಟು ಕಿವಿ ತಿರುಪಿದರೆ ದಾರಿಹೋಕರು ನಿಂತು ಕೇಳುತ್ತಿದ್ದರು. ನಾನು ಪಕ್ಕದಲ್ಲಿ ಕೂತು, ವಾರ್ತೆ ಓದುವವನು ನನ್ನ ಕೈಕೆಳಗಿನ ಗುಮಾಸ್ತನೋ ಎಂಬಂತೆ ತಲೆಯಾಡಿಸುತ್ತಿದ್ದೆ. ಆ ಸುಖ ಈಗ ಯಾವ ಯಂತ್ರದಿಂದಲೂ ಸಿಗುವುದಿಲ್ಲ.

ಒಂದು ಮಳೆಗಾಲ ಕಳೆದ ಮೇಲೆ ವಾರಿಜಳ ತಂಗಿ ಕುಸುಮಳಿಂದ ಕಾರ್ಡು ಬಂತು. ಅವಳು ನರ್ಸಿಂಗ್ ಕಲಿಯಲು ಬೆಂಗಳೂರಿಗೆ ಹೋಗಿ ವರ್ಷವಾಗಿತ್ತು. ರೇಡಿಯೋದವರ ಸ್ವರಪರೀಕ್ಷೆಯಲ್ಲಿ ಪಾಸಾಗಿದ್ದಾಳಂತೆ. ಬರುವ ಗುರುವಾರ ಸಂಜೆ ಆರೂವರೆಗೆ ಬೆಂಗಳೂರು ಸ್ಟೇಷನ್ನಿನಲ್ಲಿ ಎರಡು ದೇವರನಾಮ ಹಾಡುತ್ತಾಳಂತೆ. ಕೊನೆಯ ಸಾಲಿನಲ್ಲಿ, "ಭಾವ, ಅಮ್ಮನಿಗೆ ತಪ್ಪದೆ ಕೇಳಿಸಿ" ಎಂದು ಬರೆದಿದ್ದಳು.

ಮೂಡುಬಿದಿರೆಯಲ್ಲಿದ್ದ ಅತ್ತೆಗೆ ನಾನು ಬಸ್ಸಿನ ಕಂಡಕ್ಟರನ ಕೈಯಲ್ಲೇ ಸುದ್ದಿ ಕಳಿಸಿದೆ. ಮಂಗಳವಾರದ ಬಸ್ಸಿನಲ್ಲಿ ಅತ್ತೆ ಬಂದಿಳಿದರು. ಕಾಲುಗಂಟಿನ ನೋವು. ಆದರೂ ಮುಖದಲ್ಲಿ ಮದುವೆಮನೆಯ ಕಳೆ.

"ವರ್ಷ ಆಯ್ತು ಅವಳ ಸ್ವರ ಕೇಳದೆ. ಮನೆಯಲ್ಲಿ ಹಾಡುವಾಗ ಸಾಕು ನಿಲ್ಲಿಸು ಅಂತ ಬೈತಿದ್ದೆ. ಈಗ ಕೇಳಬೇಕಾದರೆ ಬಸ್ಸು ಹಿಡಿದು ಬರಬೇಕು ನೋಡಿ" ಎಂದರು.

ಆಗ ಹಾಡನ್ನು ಹಿಡಿದಿಡುವ ಯಂತ್ರ ನಮ್ಮಲ್ಲಿ ಯಾರ ಹತ್ತಿರವೂ ಇರಲಿಲ್ಲ. ಹೊತ್ತಿಗೆ ಸರಿಯಾಗಿ ಕೇಳಿದರೆ ಉಂಟು, ಇಲ್ಲವಾದರೆ ಇಲ್ಲ. ಅದನ್ನು ತಿಳಿದೇ ನಾನು ಕೂಡುರಸ್ತೆಯ ಅಂಗಡಿಯ ಉಮರಬ್ಬರಿಂದ ಹಿಡಿದು ಕಂಡಕಂಡವರನ್ನೆಲ್ಲ ಗುರುವಾರ ನಮ್ಮ ಜಗಲಿಗೆ ಕರೆದೆ.

ಬುಧವಾರ ಬೆಳಿಗ್ಗೆ ರೇಡಿಯೋವನ್ನು ಅಟ್ಟದಿಂದ ಇಳಿಸಿದೆ. ಮಳೆಗಾಲವಿಡೀ ಅದು ಮೂಕವಾಗಿಯೇ ಇತ್ತು. ಹಿಂದಿನ ಮುಚ್ಚಳ ತೆಗೆದರೆ ಹಳೆಯ ಸೆಲ್ಲುಗಳು ಒಡೆದು ನೀರು ಬಿಟ್ಟಿವೆ, ಒಳಗೆಲ್ಲ ಹಸಿರು ಹಸಿರಾಗಿ ಕಿಲುಬು ಹಿಡಿದಿದೆ.

"ಈಗ ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ರಿಪೇರಿಯವರಿಗೆ ಕಳಿಸಿ. ನಾಳೆ ಮಧ್ಯಾಹ್ನಕ್ಕೆ ಬರ್ತದೆ" ಎಂದಳು ವಾರಿಜ.

"ಇಷ್ಟಕ್ಕೆಲ್ಲ ಮಂಗಳೂರೋ?"

"ಹಾಗಾದ್ರೆ ಗದ್ದೆಯಾಚೆ ಡಾಕ್ಟರ ಮನೆಯಲ್ಲಿ ರೇಡಿಯೋ ಉಂಟಲ್ಲ. ಅಲ್ಲಿಗೇ ಹೋಗಿ ಕೇಳುವ."

"ಮನೆಯಲ್ಲಿ ರೇಡಿಯೋ ಇಟ್ಟುಕೊಂಡು ಮತ್ತೊಬ್ಬರ ಜಗಲಿ ಹತ್ತುವುದೋ? ಊರವರನ್ನು ಕರೆದದ್ದು ನಾನು ಮಾರಾಯ್ತಿ, ಡಾಕ್ಟರಲ್ಲ" ಎಂದು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆ.

ಏಳು ಸ್ಕ್ರೂ ತೆಗೆದೆ. ಒಳಗಿನಿಂದ ಅಂಗೈಯಗಲದ ಕಂದು ಹಲಗೆಯೊಂದು ಹೊರಬಂತು. ಒಂದು ಬದಿಯಲ್ಲಿ ಬಣ್ಣಬಣ್ಣದ ಗುಂಡುಗಳು, ಮತ್ತೊಂದು ಬದಿಯಲ್ಲಿ ತಾಮ್ರದ ಗೆರೆಗಳು. ಆ ಗೆರೆಗಳ ಮೇಲೆಯೇ ಕಿಲುಬು. ನನಗೆ ಜ್ಞಾನೋದಯವಾಯಿತು. ತಾಮ್ರಕ್ಕೆ ಕಿಲುಬು ಹಿಡಿದರೆ ಏನು ಮಾಡಬೇಕೆಂದು ನಮ್ಮ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಬಾವಿಕಟ್ಟೆಯ ಪಕ್ಕದ ಬಿಂಬುಳಿ ಮರದ ಕಾಂಡದ ತುಂಬ ಹುಳಿಕಾಯಿ ಜೋತುಬಿದ್ದಿತ್ತು. ನಾಲ್ಕು ಕಾಯಿ ಜಜ್ಜಿ, ಒಲೆಯ ಬೂದಿ ಸೇರಿಸಿ ತಿಕ್ಕಿದರೆ ಮುತ್ತಜ್ಜನ ಕಾಲದ ಹಂಡೆಯೂ ಹೊಳೆಯುತ್ತದೆ. ರೇಡಿಯೋ ಯಾವ ಲೆಕ್ಕ!

ಪಾತ್ರೆ ಬೆಳಗುವುದರಲ್ಲಿ ನಮ್ಮ ಅತ್ತೆಯನ್ನು ಮೀರಿಸುವವರು ಮೂರು ತಾಲೂಕಿನಲ್ಲಿ ಇರಲಿಲ್ಲ. ಹಲಗೆಯನ್ನು ಅವರ ಮುಂದಿಟ್ಟೆ.

ಅತ್ತೆ ಅನುಮಾನದಿಂದ ನೋಡಿದರು. "ಇದಕ್ಕೆ ಹುಳಿ ತಾಗಿದರೆ ಎಂತದೂ ಆಗುವುದಿಲ್ಲವಾ?"

"ತಾಮ್ರಕ್ಕೆ ಹುಳಿಯಲ್ಲದೆ ಮತ್ತೆಂತ ಹಾಕುವುದು ಅತ್ತೆ? ನೀವು ತಿಕ್ಕಿ, ನಾನಿದ್ದೇನೆ."

ಅತ್ತೆ ತೆಂಗಿನ ನಾರು ಹಿಡಿದು ಕೂತರು. ಅಳಿಯ ಹೇಳಿದ ಕೆಲಸ, ಮಗಳ ಹಾಡಿನ ಕೆಲಸ. ಎರಡೂ ಸೇರಿ ಅವರ ಕೈಗೆ ಬಲ ಬಂದಿತ್ತು. ನಾನು ಬಾವಿಯಿಂದ ನೀರು ಸೇದಿ ಸೇದಿ ಹೊಯ್ದೆ. ಮಧ್ಯದಲ್ಲಿ ಅತ್ತೆ ಕೈ ನಿಲ್ಲಿಸಿದರು.

"ಈ ಕೆಂಪು ಗುಂಡು ಎರಡು ಉದುರಿತಲ್ಲ?"

"ಅದು ಚಂದಕ್ಕೆ ಇಟ್ಟದ್ದು" ಎಂದೆ.

"ಈ ಸರಿಗೆ ತುಂಡಾಯ್ತಲ್ಲ?"

"ಅದು ಹೆಚ್ಚಿಗೆಯದ್ದು."

ವಾರಿಜ ಬಾಗಿಲಲ್ಲಿ ನಿಂತು, "ಗಣಪತಿ ಮಾಡ್ಲಿಕ್ಕೆ ಹೋಗಿ ಅವನ ಅಪ್ಪನನ್ನು ಮಾಡ್ತೀರಿ ನೀವು" ಎಂದಳು. ಹೆಂಗಸರಿಗೆ ವಿಜ್ಞಾನದಲ್ಲಿ ನಂಬಿಕೆ ಕಡಿಮೆ ಎಂದುಕೊಂಡು ನಾನು ಮತ್ತೊಂದು ಕೊಡ ನೀರು ಹೊಯ್ದೆ.

ಹಲಗೆ ಹೊಳೆಯಿತು ನೋಡಿ! ಮುಖ ಕಾಣುವ ಹಾಗೆ ಹೊಳೆಯಿತು. ಇನ್ನು ಕಿಲುಬು ಹತ್ತಬಾರದೆಂದು ತೆಂಗಿನೆಣ್ಣೆ ಸವರಿ, ಚಾಪೆಯ ಮೇಲೆ ಹಪ್ಪಳದ ಸಾಲಿನಲ್ಲಿ ಒಣಗಲಿಟ್ಟೆ. ಗುರುವಾರ ಮಧ್ಯಾಹ್ನ ಜೋಡಿಸುವಾಗ, ತುಂಡಾದ ಸರಿಗೆಗಳನ್ನು ಎಲ್ಲಿ ಜಾಗ ಖಾಲಿ ಕಂಡಿತೋ ಅಲ್ಲಿ ಸಿಕ್ಕಿಸಿದೆ. ಏಳು ಸ್ಕ್ರೂಗಳಲ್ಲಿ ಮೂರು ಉಳಿದವು. ಕಡಿಮೆ ಸ್ಕ್ರೂವಿನಲ್ಲಿ ಕೆಲಸ ಮುಗಿಸಿದ್ದೇನೆಂದು ಹೆಮ್ಮೆಯಾಯಿತು.

ಆರು ಗಂಟೆಗೆ ಜಗಲಿ ತುಂಬಿತು. ಅತ್ತೆ ಸ್ನಾನ ಮಾಡಿ, ಇಸ್ತ್ರಿಯ ಸೀರೆಯುಟ್ಟು ರೇಡಿಯೋದ ಎದುರು ಕೂತಿದ್ದರು. ಹೊಸ ಸೆಲ್ಲು ಹಾಕಿ ಕಿವಿ ತಿರುಪಿದೆ. ಸದ್ದಿಲ್ಲ. ಆ ಕಡೆ ತಿರುಪಿದೆ, ಈ ಕಡೆ ತಿರುಪಿದೆ. ಒಳಗಿನಿಂದ ಕೊಬ್ಬರಿ ಹುರಿದ ವಾಸನೆ ಮಾತ್ರ ಬಂತು.

"ಏಜೆಂಟ್ರೆ, ಒಂದು ಪೆಟ್ಟು ಕೊಡಿ. ನನ್ನ ಟಾರ್ಚು ಹಾಗೇ ಹತ್ತುವುದು" ಎಂದರು ಉಮರಬ್ಬರು.

ಆ ಟಾರ್ಚು ರಿಪೇರಿ ಮಾಡಿದ್ದು ನಾನೇ. ಪೆಟ್ಟು ಕೊಟ್ಟೆ. ರೇಡಿಯೋ ಒಮ್ಮೆ "ಕರ್" ಎಂದಿತು. ಅತ್ತೆ ಮುಂದಕ್ಕೆ ಬಾಗಿದರು. ಅದೇ ಅದರ ಕೊನೆಯುಸಿರು.

ಆರು ಇಪ್ಪತ್ತಾಯಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಅತ್ತೆ ಮಾತ್ರ ರೇಡಿಯೋವನ್ನೇ ನೋಡುತ್ತಿದ್ದಾರೆ. ಅದನ್ನು ಕಂಡು ನಾನು ಮತ್ತೊಮ್ಮೆ ಕಿವಿ ತಿರುಪಿದೆ.

"ಏಳಿ, ಡಾಕ್ಟರ ಮನೆಗೆ ಹೋಗುವ" ಎಂದಳು ವಾರಿಜ.

ಗದ್ದೆಯ ಹುಣಿಯಲ್ಲಿ, ಆ ಸಪೂರ ಬದುವಿನ ಮೇಲೆ, ನಮ್ಮ ಮೆರವಣಿಗೆ ಹೊರಟಿತು. ಮುಂದೆ ಉಮರಬ್ಬರು, ಹಿಂದೆ ಊರು, ನಡುವೆ ಅತ್ತೆ. ಅವರ ಕಾಲು ಬೇಗ ಬೇಗ ಬರುವಂಥದ್ದಲ್ಲ. ಕೈ ಹಿಡಿದು ಎಳೆದರೆ ನೋವು, ಬಿಟ್ಟರೆ ತಡ. "ನೀವು ಹೋಗಿ ಕೇಳಿ, ಆಮೇಲೆ ನನಗೆ ಹೇಳಿ" ಎಂದರು ಒಮ್ಮೆ. ಹಾಡನ್ನು ನಾನು ಹೇಗೆ ಹೇಳಲಿ?

ಡಾಕ್ಟರ ಅಂಗಳಕ್ಕೆ ಕಾಲಿಟ್ಟಾಗ ಹಾಡು ಕೇಳಿಸಿತು. ಒಂದೇ ಒಂದು ಸಾಲು, ಅದೂ ಕೊನೆಯದು. ಮತ್ತೆ, "ಈವರೆಗೆ ಹಾಡಿದವರು ಕುಮಾರಿ ಕುಸುಮ" ಎಂದಿತು ರೇಡಿಯೋ. ಅತ್ತೆ ಅಂಗಳದಲ್ಲೇ ನಿಂತು, "ಅವಳೇ. ಶೀತ ಆಗಿದೆ ಅವಳಿಗೆ" ಎಂದರು. ಅಷ್ಟರಲ್ಲಿ ಗೊಬ್ಬರದ ಗುಂಡಿ ತೋಡುವ ವಿಧಾನದ ಕುರಿತು ಭಾಷಣ ಆರಂಭವಾಯಿತು. ಅದು ಮೊದಲಿನಿಂದ ಕೊನೆಯವರೆಗೂ ಬಹಳ ಸ್ಪಷ್ಟವಾಗಿ ಕೇಳಿಸಿತು.

ಡಾಕ್ಟರು ಹೊರಗೆ ಬಂದರು. "ಎಂತ ಏಜೆಂಟ್ರೆ, ನಿಮ್ಮಲ್ಲೇ ರೇಡಿಯೋ ಉಂಟಲ್ಲ?"

ಉತ್ತರ ಕೊಟ್ಟದ್ದು ಅತ್ತೆ.

"ಅದು ನನ್ನಿಂದ ಹಾಳಾಯ್ತು ಡಾಕ್ಟ್ರೆ. ಅಳಿಯ ಬೇಡ ಬೇಡ ಅಂದರೂ ಕೇಳದೆ ಬಿಂಬುಳಿ ಹಾಕಿ ತಿಕ್ಕಿಬಿಟ್ಟೆ."

ಜನ ನಕ್ಕಿತು. ಅತ್ತೆಯೂ ನಕ್ಕರು. ನಾನೇನು ಮಾಡಿದೆ? ಹೆಗಲ ಮೇಲಿನ ಶಾಲು ಸರಿಪಡಿಸಿಕೊಂಡು, "ವಯಸ್ಸಾದವರಿಗೆ ಯಂತ್ರದ ವಿಷಯ ಹೇಳಿದರೆ ತಿಳಿಯುವುದಿಲ್ಲ ಡಾಕ್ಟ್ರೆ" ಎಂದೆ. ಹೌದು, ಈ ಬಾಯಿಯಿಂದಲೇ ಎಂದೆ. ಅದನ್ನು ನೆನೆದರೆ ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಕುಸುಮಳನ್ನು ಸ್ಟೇಷನ್ನಿನವರು ಮತ್ತೆ ಕರೆಯಲಿಲ್ಲ. ರಜೆಯಲ್ಲಿ ಬಂದಾಗ ಅವಳು ಅಡುಗೆಮನೆಯಲ್ಲಿ ಆ ಎರಡು ಹಾಡನ್ನೂ ಹಾಡಿದಳು. ಅತ್ತೆ ಕೇಳಿ, "ಚಂದ ಆಯ್ತು. ಆದರೆ ರೇಡಿಯೋದಲ್ಲಿ ಕೇಳಿದ ಹಾಗೆ ಆಗ್ಲಿಲ್ಲ" ಎಂದರು. ಒಂದು ಸಾಲು ಕೇಳಿದವರ ಮಾತು ಅದು. ನಾನು ಮಜ್ಜಿಗೆ ಕುಡಿಯುವ ನೆಪದಲ್ಲಿ ಲೋಟದ ಹಿಂದೆ ಮುಖ ಮರೆಸಿದೆ. ಅತ್ತೆ ತೀರಿಹೋಗುವ ತನಕ ಆ ತಪ್ಪು ಅವರ ಹೆಸರಿನಲ್ಲೇ ಉಳಿಯಿತು. ನನ್ನ ಹೆಸರು ಉಳಿಯಿತು.

ಇಷ್ಟನ್ನು ಬರೆದು ಮೊನ್ನೆ ವಾರಿಜಳಿಗೆ ಓದಿ ಹೇಳಿದೆ. ಹೆಸರುಕಾಳು ಆರಿಸುತ್ತಿದ್ದವಳು ತಲೆಯೆತ್ತದೆ ಕೇಳಿದಳು.

"ಅಮ್ಮ ಹಾಗೆ ಹೇಳಿದ್ದು ಎಂತಕ್ಕೆ ಅಂತ ಬರೆಯಲಿಲ್ಲವಲ್ಲ?"

"ತಾನೇ ಹಾಳು ಮಾಡಿದ್ದು ಅಂತ ಪಾಪ ನಂಬಿದ್ದರು."

"ಅಮ್ಮನಿಗೆ ಅಷ್ಟು ತಿಳಿಯುವುದಿಲ್ಲವಾ? ಹತ್ತು ಜನರ ಎದುರು ಅಳಿಯನ ಮರ್ಯಾದೆ ಹೋಗಬಾರದು ಅಂತ ಹೇಳಿದ್ದು. ಬರುವಾಗ ದಾರಿಯಲ್ಲೇ ನನಗೆ ಹೇಳಿದ್ದಾರೆ."

ನಾನು ಬರೆದ ಹಾಳೆಗಳನ್ನು ಮಡಚಿಟ್ಟೆ. "ಆದರೂ ಊರವರು ನಂಬಿದರಲ್ಲ?"

"ಯಾರು? ಉಮರಬ್ಬ ಆವತ್ತೇ ನಗಾಡ್ತಾ ಇದ್ದರು. ಡಾಕ್ಟರ ಹೆಂಡತಿಗೂ ಗೊತ್ತಿತ್ತು. ಕಂಡಕ್ಟರಿಗೂ ಗೊತ್ತಿತ್ತು."

"ಹಾಗಾದರೆ ನಂಬಿದವರು ಯಾರು ಮಾರಾಯ್ತಿ?"

ವಾರಿಜ ಒಂದು ಕಲ್ಲು ಹೆಕ್ಕಿ ಆಚೆ ಎಸೆದಳು.

"ನೀವೊಬ್ಬರೇ."